ಎರಡನೇ ಪೆಟ್ಟು

ಮೊದಲನೇ ಪೆಟ್ಟಿನ ಬಗ್ಗೆ ನನಗೆ ಇವತ್ತಿಗೂ ಅನುಮಾನವಿಲ್ಲ. ರಾತ್ರಿ ಎರಡೂವರೆಯ ಹೊತ್ತು. ಹಿಂಬಾಗಿಲ ಚಿಲಕ ಕಿತ್ತ ಸದ್ದಿಗೆ ಎದ್ದು ಬಂದರೆ ಅಡುಗೆಮನೆಯಲ್ಲಿ ಅವನು ನಿಂತಿದ್ದ. ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್. ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು, ಓಡಿಹೋಗಬಹುದಿತ್ತು. ಗಾಬರಿಗೋ ಏನೋ, ನನ್ನ ಕಡೆಗೇ ನುಗ್ಗಿದ. ಮೂಲೆಯಲ್ಲಿ ಒರಗಿಸಿಟ್ಟಿದ್ದ ಕಬ್ಬಿಣದ ಪೈಪು ನನ್ನ ಕೈಗೆ ಹೇಗೆ ಬಂತೋ ತಿಳಿಯದು. ಬೀಸಿದೆ. ಪೆಟ್ಟು ಮುಂಗೈಗೆ ಬಿತ್ತು. ಸ್ಕ್ರೂಡ್ರೈವರ್ ನೆಲಕ್ಕೆ ಬಿದ್ದು ಉರುಳುತ್ತಾ ಫ್ರಿಜ್ಜಿನ ಕೆಳಗೆ ಹೋಯಿತು. ಅವನು ಗೋಡೆಗೆ ಬೆನ್ನು ಜಾರಿಸಿಕೊಂಡು ಕುಸಿದು ಕೂತ. ಪೆಟ್ಟು ಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಅವುಚಿಕೊಂಡು, ಎರಡನ್ನೂ ತಲೆಗೆ ಅಡ್ಡ ತಂದ. ಆಗ ನಾನು ಇನ್ನೊಂದು ಸಲ ಬೀಸಿದೆ.

ನಾನು ಬರೆಯಲು ಕೂತಿರುವುದು ಆ ಎರಡನೇ ಪೆಟ್ಟಿನ ಬಗ್ಗೆ.

ಎರಡರ ನಡುವೆ ಇದ್ದದ್ದು ಎರಡು ಸೆಕೆಂಡೋ ಮೂರೋ. ಇಷ್ಟು ವರ್ಷ ಅದನ್ನೇ ಕೆದಕುತ್ತಾ ಕೂರುವುದು ಹುಚ್ಚು ಅಂತ ಮನೆಯಲ್ಲಿ ಹೇಳುತ್ತಾರೆ. ಆದರೆ ಆ ಮೂರು ಸೆಕೆಂಡಿನಲ್ಲಿ ಸ್ಕ್ರೂಡ್ರೈವರ್ ಫ್ರಿಜ್ಜಿನ ಕೆಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅವನ ಕೈ ಬರಿದಾಗಿದೆ ಅಂತ ನನಗೆ ಗೊತ್ತಿತ್ತು. ಮೊದಲ ಪೆಟ್ಟು ಕೊಟ್ಟದ್ದು ನನ್ನ ಭಯ. ಎರಡನೆಯದನ್ನು ಕೊಟ್ಟದ್ದು ಬೇರೆ ಏನೋ. ಅದಕ್ಕೆ ಸಿಟ್ಟು ಅಂತ ಹೆಸರಿಡಬಹುದು, ಆದರೆ ಸಿಟ್ಟಿಗಿಂತ ತಣ್ಣಗಿನದು ಅದರಲ್ಲಿತ್ತು. ನನ್ನ ಮನೆಗೆ ಬಂದಿದ್ದೀಯಲ್ಲ, ತಗೋ, ಅನ್ನುವಂಥದ್ದು.

ಅವನಿಗೆ ಇಪ್ಪತ್ತು ವರ್ಷ ಅಂತ ಆಮೇಲೆ ಗೊತ್ತಾಯಿತು.

ಅಣ್ಣ ಮರುದಿನ ಬೆಳಿಗ್ಗೆಯೇ ಬಂದ. ಮಹಜರು ಮಾಡುತ್ತಿದ್ದವರ ಎದುರಿಗೇ ನನ್ನ ಬೆನ್ನು ತಟ್ಟಿ, "ಎರಡಲ್ಲ ಕಣೋ, ಹತ್ತು ಹಾಕಬೇಕಿತ್ತು. ಇಂಥವರು ಸಾಯೋ ತನಕ ಸುಧಾರಿಸಲ್ಲ" ಅಂದ. ಅತ್ತಿಗೆ ಮಾತ್ರ ಒಳಗೆ ಬಂದು ತಗ್ಗಿದ ದನಿಯಲ್ಲಿ, "ಎಳೇ ಹುಡುಗ ಅಲ್ವೇನೋ, ತಿದ್ದಿಕೊಳ್ಳೋ ವಯಸ್ಸು. ಕೈ ಎತ್ತಲೇಬಾರದಿತ್ತು ನೀನು" ಅಂದರು. ಅಲ್ಲಿಂದ ಮುಂದೆ ನಾವೆಲ್ಲ ಸೇರಿದಾಗಲೆಲ್ಲ ಈ ವಾದ ಎದ್ದೇ ಏಳುತ್ತಿತ್ತು. ಪೇಪರಿನಲ್ಲಿ ಒಂದು ದರೋಡೆಯ ಸುದ್ದಿ ಬಂದರೆ ಸಾಕು. ಅಣ್ಣನ ಪ್ರಕಾರ ಕಳ್ಳ ಬದಲಾಗುವುದಿಲ್ಲ, ಆದ್ದರಿಂದ ಹೊಡೆಯಬೇಕು. ಅತ್ತಿಗೆಯ ಪ್ರಕಾರ ಬದಲಾಗುತ್ತಾನೆ, ಆದ್ದರಿಂದ ಹೊಡೆಯಬಾರದು. ಇಬ್ಬರ ಮಾತನ್ನೂ ಕೇಳಿ ಕೇಳಿ ನನಗೆ ಒಂದು ವಿಷಯ ಬಹಳ ತಡವಾಗಿ ಹೊಳೆಯಿತು. ಇಬ್ಬರೂ ತಪ್ಪುತ್ತಿದ್ದದ್ದು ಆ 'ಆದ್ದರಿಂದ'ದಲ್ಲಿ. ಅವನು ಎಂಥ ಮನುಷ್ಯ ಅನ್ನುವುದಕ್ಕೂ ಆ ಕ್ಷಣದಲ್ಲಿ ನಾನು ಅವನನ್ನು ಹೊಡೆಯಬಹುದೇ ಅನ್ನುವುದಕ್ಕೂ ಸಂಬಂಧವಿಲ್ಲ.

ಇದನ್ನು ನನಗೆ ಕಲಿಸಿದ್ದು ಕಾನೂನಿನ ಒಂದು ಪುಟ್ಟ ಕಲಂ. 1860ರ ಭಾರತೀಯ ದಂಡ ಸಂಹಿತೆಯಲ್ಲಿ 98ನೆಯದಾಗಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ 36ನೆಯದಾಗಿದೆ. ನಿಮ್ಮ ಮೇಲೆ ಎರಗಿದವನು ಬುದ್ಧಿ ಸ್ಥಿಮಿತದಲ್ಲಿಲ್ಲದವನಿರಬಹುದು, ತಿಳಿವಳಿಕೆ ಬಾರದ ಎಳೆಯನಿರಬಹುದು, ಅಮಲಿನಲ್ಲಿರಬಹುದು. ಆ ಕಾರಣಕ್ಕೆ ಅವನು ಮಾಡಿದ್ದು ಅಪರಾಧವೇ ಅಲ್ಲ ಅಂತಾದರೂ, ಅವನಿಂದ ನಿಮ್ಮನ್ನು ಕಾಪಾಡಿಕೊಳ್ಳುವ ಹಕ್ಕು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಅಂದರೆ ಏನು? ಆತ್ಮರಕ್ಷಣೆಯ ಹಕ್ಕು ಎದುರಿನವನ ಕೆಟ್ಟತನದಿಂದ ಹುಟ್ಟುವುದಲ್ಲ. ಅಪಾಯದಿಂದ ಹುಟ್ಟುತ್ತದೆ. ದೇವರಂಥ ಮನುಷ್ಯ ಜ್ವರದ ಸನ್ನಿಯಲ್ಲಿ ಕತ್ತಿ ಹಿಡಿದು ಬಂದರೂ ತಡೆಯಬಹುದು. ಅಪಾಯದಿಂದ ಹುಟ್ಟಿದ್ದು ಅಪಾಯದ ಜೊತೆಗೇ ಮುಗಿಯಲೂ ಬೇಕು. ಅದನ್ನೂ ಕಾನೂನು ಹೇಳುತ್ತದೆ: ಅಪಾಯದ ಅಂಜಿಕೆ ಇರುವವರೆಗೆ ಹಕ್ಕು. ಆಮೇಲೆ ಇಲ್ಲ.

ಹಾಗಾದರೆ ಅತ್ತಿಗೆಗೆ ನನ್ನ ಉತ್ತರ ಸುಲಭ: ಅವನು ಮುಂದೆ ಸಂತನೇ ಆಗುತ್ತಾನೆ ಅಂತ ಬರೆದುಕೊಟ್ಟಿದ್ದರೂ ಮೊದಲನೇ ಪೆಟ್ಟು ಸರಿ. ಅಣ್ಣನಿಗೂ ಸುಲಭವೇ: ಅವನು ಎಂದೆಂದಿಗೂ ಕಳ್ಳನಾಗಿಯೇ ಉಳಿಯುತ್ತಾನೆ ಅಂತ ಗೊತ್ತಿದ್ದರೂ ಎರಡನೇ ಪೆಟ್ಟು ತಪ್ಪು. ನನಗೆ ನಾನು ಕೊಟ್ಟುಕೊಳ್ಳಬೇಕಾದ ಉತ್ತರವೇ ಕಷ್ಟ.

ಸಮಾಧಾನಕ್ಕೆ ಒಂದು ವಾಕ್ಯ ಸಿಕ್ಕಿತ್ತು. 1921ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದದ್ದು. ಎತ್ತಿದ ಚಾಕುವಿನ ಎದುರಿಗೆ ನಿಂತವನಿಂದ ನಿರ್ಲಿಪ್ತ ಯೋಚನೆಯನ್ನು ಕೇಳಲಾಗದು ಎಂಬ ಅರ್ಥದ ಮಾತು. ಆ ಕೇಸಿನಲ್ಲೂ ಜಗಳವಿದ್ದದ್ದು ಕೊನೆಯ ಗುಂಡಿನ ಬಗ್ಗೆ. ಚಾಕು ಹಿಡಿದು ಬಂದವನಿಗೆ ಬ್ರೌನ್ ಎಂಬಾತ ನಾಲ್ಕು ಗುಂಡು ಹೊಡೆದಿದ್ದ. ಕೊನೆಯದು ಬಿದ್ದಾಗ ಎದುರಾಳಿ ಆಗಲೇ ನೆಲ ಹಿಡಿದಿದ್ದ ಅಂತ ಸರ್ಕಾರದ ಕಡೆಯವರ ವಾದ. ತಣ್ಣಗೆ ಕೂತು ಯೋಚಿಸಿದಾಗ ಆ ಗುಂಡು ಅನಗತ್ಯ ಅನ್ನಿಸಬಹುದು, ಆದರೆ ಹೊಡೆದಾಟದ ಕಾವು ಆರುವ ಮೊದಲೇ ಬೆನ್ನುಬೆನ್ನಿಗೆ ಬಿದ್ದದ್ದಾದರೆ ಅದರಿಂದಲೇ ರಕ್ಷಣೆ ತಪ್ಪಿಹೋಗದು ಅಂತ ಕೋರ್ಟು ಹೇಳಿತು. ಇದನ್ನು ಓದಿದ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಒಂದೇ ದಿನ. ನನ್ನ ಎದುರಿಗೆ ಎತ್ತಿದ ಚಾಕು ಇರಲಿಲ್ಲ. ಅದು ಫ್ರಿಜ್ಜಿನ ಕೆಳಗಿತ್ತು.

ಕೋರ್ಟಿನಲ್ಲಿ ಆ ಸ್ಕ್ರೂಡ್ರೈವರನ್ನು ಮತ್ತೆ ನೋಡಿದೆ. ಮುದ್ದೆಮಾಲು ಅಂತ ಚೀಟಿ ಅಂಟಿಸಿ, ಅರಗಿನ ಸೀಲು ಒತ್ತಿದ ಲಕೋಟೆಯಿಂದ ತೆಗೆದು ತೋರಿಸಿದರು. ನಾನು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಪಾಟಿ ಸವಾಲಿನಲ್ಲಿ ಅವನ ಪರ ವಕೀಲರು ಕೇಳಿದರು: "ಇದು ಕೈಯಿಂದ ಬಿದ್ದ ಮೇಲೂ ನೀವು ಹೊಡೆದಿರಿ, ಹೌದೋ ಅಲ್ಲವೋ?" ನಾನು "ನೆನಪಿಲ್ಲ" ಅಂದೆ. ನೆನಪಿತ್ತು. ವಕೀಲರು ಒತ್ತಾಯಿಸಲಿಲ್ಲ, ಮುಂದಿನ ಪ್ರಶ್ನೆಗೆ ಹೋದರು. ಕಲಾಪ ಮುಗಿದು ಅವನು ನ್ಯಾಯಾಧೀಶರಿಗೆ ಕೈಮುಗಿಯಲು ಹೋದ. ಎಡಗೈ ಹೆಗಲಿನಿಂದ ಮೇಲೇಳಲಿಲ್ಲ. ಬಲಗೈಯೇ ಕೆಳಗಿಳಿದು ಎಡಗೈಯನ್ನು ಹೊಟ್ಟೆಯ ಹತ್ತಿರ ಸೇರಿಕೊಂಡಿತು. ಓರೆಯಾದ ಆ ನಮಸ್ಕಾರ ಎರಡನೇ ಪೆಟ್ಟಿನದು. ಮೊದಲನೆಯದು ಬಿದ್ದದ್ದು ಬಲ ಮುಂಗೈಗೆ, ಅದು ಆಗಲೇ ವಾಸಿಯಾಗಿತ್ತು.

ಅವನ ತಪ್ಪಿಗೆ ಕೋರ್ಟು ಲೆಕ್ಕ ಹಾಕಿ ಶಿಕ್ಷೆ ಕೊಟ್ಟಿತು. ನನ್ನದಕ್ಕೆ ಲೆಕ್ಕವೇ ಬರೆಯಲಿಲ್ಲ. ಸಾಕ್ಷಿ ಕಟ್ಟೆಯಲ್ಲಿ ನಿಂತು ಪ್ರಮಾಣ ಮಾಡಿ ಸುಳ್ಳು ಹೇಳಿದ ಮನುಷ್ಯ ನಾನು. ಹಾಗಾಗಿ ಅಪರಾಧಿಗಳು ತಿದ್ದಿಕೊಳ್ಳುತ್ತಾರೆಯೇ ಎಂಬ ವಾದವನ್ನು ಹೊರಗೆ ನಿಂತು ನೋಡುವ ಸ್ಥಿತಿ ನನಗಿಲ್ಲ.

'ಅಪಾಯ ಇರುವವರೆಗೆ' ಎಂಬ ಅಳತೆಗೋಲು ಎಲ್ಲ ಕಡೆ ನಡೆಯುತ್ತದೆ ಅಂತಲೂ ನಾನು ಹೇಳಲಾರೆ. ಇಂಗ್ಲೆಂಡಿನ ಎರಡು ಕೇಸುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1999ರ ಆಗಸ್ಟಿನಲ್ಲಿ ನಾರ್ಫೋಕಿನ ಒಂಟಿಮನೆಯ ರೈತ ಟೋನಿ ಮಾರ್ಟಿನ್ ರಾತ್ರಿ ಮನೆಗೆ ನುಗ್ಗಿದವರ ಮೇಲೆ ಗುಂಡು ಹಾರಿಸಿದ. ಬೆನ್ನಿಗೆ ಗುಂಡು ತಗುಲಿ 16 ವರ್ಷದ ಹುಡುಗ ಸತ್ತ. 2000ರಲ್ಲಿ ಕೊಲೆ ಅಂತ ತೀರ್ಪಾಯಿತು, 2001ರ ಮೇಲ್ಮನವಿಯಲ್ಲಿ ಆತನ ಮಾನಸಿಕ ಸ್ಥಿತಿಯನ್ನು ಪರಿಗಣಿಸಿ ಅದು ಕೊಲೆಗಿಂತ ಕೆಳಗಿನ ಅಪರಾಧಕ್ಕೆ ಇಳಿಯಿತು. ದೇಶವೇ ಎರಡಾಗಿ ವಾದ ಮಾಡಿತು. 2013ರಲ್ಲಿ ಅಲ್ಲಿನ ಕಾನೂನು ಮನೆಯೊಳಗೆ ನುಗ್ಗಿದವರನ್ನು ಎದುರಿಸುವವರಿಗೆ ಇನ್ನಷ್ಟು ಸಡಿಲ ಕೊಟ್ಟಿತು. ಬಲಪ್ರಯೋಗ ಸ್ವಲ್ಪ ಹೆಚ್ಚಾದರೂ ಸರಿ, ತೀರಾ ಮಿತಿಮೀರಬಾರದು ಅಷ್ಟೇ. ಈ ಕೇಸಿನಲ್ಲಿ ನನ್ನ ಅಳತೆಗೋಲು ಕೆಲಸ ಮಾಡುತ್ತದೆ. ಬೆನ್ನಿಗೆ ಬಿದ್ದ ಗುಂಡು ಬಹಳಷ್ಟನ್ನು ಹೇಳುತ್ತದೆ.

ಇನ್ನೊಂದು ಕಿರಣ್‌ಜಿತ್ ಅಹ್ಲುವಾಲಿಯಾ ಅವರದು. ಹತ್ತು ವರ್ಷ ಗಂಡನ ಕೈಯಲ್ಲಿ ನರಕ ಕಂಡ ಹೆಂಗಸು. 1989ರ ಮೇ ತಿಂಗಳ ಒಂದು ರಾತ್ರಿ ಅವನು ಮಲಗಿದ್ದಾಗ ಪೆಟ್ರೋಲು ಸುರಿದು ಬೆಂಕಿ ಹಚ್ಚಿದರು. ಅವನು ಕೆಲವು ದಿನ ಬಿಟ್ಟು ಸತ್ತ. ಅದೇ ವರ್ಷ ಕೊಲೆ ಅಂತ ತೀರ್ಪಾಗಿ ಜೀವಾವಧಿ ಶಿಕ್ಷೆ ಬಂತು. 1992ರಲ್ಲಿ ಮೇಲ್ಮನವಿಯ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು, ಕೊನೆಗೆ ಕೊಲೆಯ ಆರೋಪ ಇಳಿದು ಅವರು ಹೊರಗೆ ಬಂದರು. ಮಲಗಿದ್ದವನಿಂದ ಅಪಾಯವೇನು ಅಂತ ಕೇಳಿದರೆ ನನ್ನ ಅಳತೆಗೋಲಿನ ಪ್ರಕಾರ ಏನೂ ಇಲ್ಲ. ಆದರೆ ಬೆಳಗಾದರೆ ಅವನು ಎದ್ದೇ ಏಳುತ್ತಾನೆ ಅಂತ ಹತ್ತು ವರ್ಷದಿಂದ ಗೊತ್ತಿರುವವಳಿಗೆ ಅಪಾಯ ಮುಗಿದಿದೆ ಅಂತ ಹೇಳಲು ನಾನು ಯಾರು? ನನಗೆ ಸಿಕ್ಕ ಮೂರು ಸೆಕೆಂಡಿನಲ್ಲಿ ನನ್ನ ಹಿಂದೆ ತೆರೆದ ಬಾಗಿಲಿತ್ತು, ಕೂಗಿದರೆ ಬರುವ ಜನರಿದ್ದರು. ಅವರಿಗೆ ಬಾಗಿಲೇ ಇರಲಿಲ್ಲ. ಆ ಬೆಂಕಿಯನ್ನು ಸರಿ ಅನ್ನಲು ನನ್ನ ಬಾಯಿ ಬರುವುದಿಲ್ಲ. ಆದರೆ ಗಡಿಯಾರ ಹಿಡಿದು ಅಪಾಯವನ್ನು ಅಳೆಯುವುದು ದೈಹಿಕ ಬಲ ಇದ್ದವರಿಗೆ ಹೊಂದುವ ಅಳತೆ ಅನ್ನುವುದನ್ನು ಈ ಕೇಸು ನನಗೆ ಗಟ್ಟಿಯಾಗಿ ಹೇಳಿತು. ಈ ವಿಷಯದಲ್ಲಿ ನಾನು ಇನ್ನೂ ಒಂದು ನೆಲೆಗೆ ಬಂದಿಲ್ಲ.

ಇನ್ನು ಅಣ್ಣನ ಮಾತು. ಇಂಥವರು ಸುಧಾರಿಸುವುದಿಲ್ಲ ಎಂಬುದು. ಅವನ ಪರವಾಗಿ ಅಂಕಿಗಳಿವೆ. ಅಮೆರಿಕದಲ್ಲಿ 2005ರಲ್ಲಿ 30 ರಾಜ್ಯಗಳ ಜೈಲುಗಳಿಂದ ಬಿಡುಗಡೆಯಾದವರನ್ನು ಅಲ್ಲಿನ ಸರ್ಕಾರವೇ ಒಂಬತ್ತು ವರ್ಷ ಗಮನಿಸಿತು. ಶೇ. 83ರಷ್ಟು ಜನ ಆ ಅವಧಿಯಲ್ಲಿ ಒಮ್ಮೆಯಾದರೂ ಮತ್ತೆ ಬಂಧನಕ್ಕೊಳಗಾದರು. ಇದನ್ನು ಓದಿ ಹೇಳಿದಾಗ ಅಣ್ಣ ಗೆದ್ದವನಂತೆ ಕುರ್ಚಿಗೆ ಒರಗಿದ. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ. ಮೊದಲ ವರ್ಷ ಬಂಧನವಾದವರು ಶೇ. 44, ಒಂಬತ್ತನೇ ವರ್ಷ ಶೇ. 24. ಹೊರಗೆ ಬಂದವನು ಎಡವುವುದು ಮೊದಮೊದಲು. ಮನೆ ಕೊಡುವವರಿಲ್ಲದ, ಕೆಲಸ ಕೊಡುವವರಿಲ್ಲದ, ಹಳೆಯ ಸಂಗ ಮಾತ್ರ ಬಾಗಿಲು ತೆರೆದಿಟ್ಟುಕೊಂಡು ಕಾಯುವ ದಿನಗಳಲ್ಲಿ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಇನ್ನೊಂದು ಕಥೆ. 1940ರ ಸುಮಾರಿಗೆ ಗ್ಲೂಕ್ ದಂಪತಿ ಮ್ಯಾಸಚೂಸೆಟ್ಸಿನ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರ ಬದುಕನ್ನು ದಾಖಲಿಸಲು ಶುರುಮಾಡಿದ್ದರು. ಆ ಕಾಗದಗಳು ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳಲ್ಲಿ ಧೂಳು ತಿನ್ನುತ್ತಿದ್ದವು. ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಎಂಬ ಸಂಶೋಧಕರು ಅವನ್ನು ಹೊರತೆಗೆದು, ಆ ಹುಡುಗರಲ್ಲಿ ಬದುಕಿದ್ದವರನ್ನು ಹುಡುಕಿಕೊಂಡು ಹೋದರು. ಹುಡುಗರಿಗೆ ಆಗ ಎಪ್ಪತ್ತರ ಹತ್ತಿರ. ಬಾಲ್ಯದ ಗುಣ ನೋಡಿ ಇವನು ಜೀವನಪೂರ್ತಿ ಕಳ್ಳ, ಇವನು ತಿದ್ದಿಕೊಳ್ಳುವವನು ಅಂತ ಮೊದಲೇ ಬೇರ್ಪಡಿಸಲು ಆಗುತ್ತಿರಲಿಲ್ಲ. ಬೇಗವೋ ತಡವೋ, ಬಹುತೇಕ ಎಲ್ಲರ ಅಪರಾಧವೂ ಇಳಿದಿತ್ತು. ತಿರುವು ಕೊಟ್ಟದ್ದು ಜ್ಞಾನೋದಯವಲ್ಲ, ಬಹಳ ಸಾಮಾನ್ಯ ಸಂಗತಿಗಳು. ನೆಚ್ಚಿನ ಹೆಂಡತಿ, ಬೆಳಿಗ್ಗೆ ಹೋಗಲೇಬೇಕಾದ ಕೆಲಸ, ಸೇನೆಯ ಶಿಸ್ತು. ನನಗೆ ಇದು ಧೈರ್ಯ ಕೊಡುವ ವಿಷಯ. ಮನಃಪರಿವರ್ತನೆ ಅಂದರೆ ಮಿಂಚು ಹೊಡೆದಂತೆ ಅಂತ ಅಂದುಕೊಂಡರೆ ಅದನ್ನು ಯಾರೂ ಯಾರಿಗೂ ಕೊಡಲಾಗದು. ಕೆಲಸವನ್ನು ಕೊಡಬಹುದು.

ಆಲ್ಫ್ರೆಡ್ ಬ್ಲೂಮ್‌ಸ್ಟೈನ್ ಮತ್ತು ನಕಮುರಾ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವರ್ಷಗಳ ಲೆಕ್ಕವನ್ನೇ ಕೊಟ್ಟಿತು. 1980ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲ ಬಾರಿ ಬಂಧನಕ್ಕೊಳಗಾದ ಸುಮಾರು 88,000 ಜನರ ದಾಖಲೆ. 18ನೇ ವಯಸ್ಸಿನಲ್ಲಿ ದರೋಡೆ ಮಾಡಿ ಸಿಕ್ಕಿಬಿದ್ದವನು ಆಮೇಲೆ 7.7 ವರ್ಷ ಯಾವ ಕೇಸಿಗೂ ಸಿಗದೆ ಉಳಿದರೆ, ಅವನು ಮತ್ತೆ ಬಂಧನವಾಗುವ ಸಾಧ್ಯತೆ ಅದೇ ವಯಸ್ಸಿನ ಸಾಮಾನ್ಯ ಜನರಿಗೆ ಸಮನಾಗುತ್ತದೆ. ಅಂದರೆ ನಿಮ್ಮ ನನ್ನಂಥವರಿಗೆ.

ಎಲ್ಲರೂ ಅಲ್ಲ, ಅದನ್ನೂ ಒಪ್ಪುತ್ತೇನೆ. 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದವನಿಗೆ ಅಲ್ಲಿನ ಕೋರ್ಟು 21 ವರ್ಷದ ಬಂಧನ ವಿಧಿಸಿತು. ಇಷ್ಟೇನಾ ಅಂತ ಜಗತ್ತು ಹುಬ್ಬೇರಿಸಿತು. ಆದರೆ ಅವನು ಆಗಲೂ ಅಪಾಯಕಾರಿ ಅಂತ ಕಂಡರೆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುವ ಅವಕಾಶ ಆ ಶಿಕ್ಷೆಯಲ್ಲೇ ಇದೆ. ಸಾಯುವ ತನಕವೂ ಆಗಬಹುದು. ಬಿಡುಗಡೆ ಕೋರಿ ಅವನು ಹಾಕಿದ ಅರ್ಜಿ 2022ರಲ್ಲಿ ವಜಾ ಆಯಿತು. ಇವನು ಎಂದಿಗೂ ಮನುಷ್ಯನಾಗಲಾರ ಅಂತ ಆ ದೇಶ ಹಣೆಬರಹ ಬರೆಯಲಿಲ್ಲ. ಅಪಾಯ ಇನ್ನೂ ಇದೆಯೇ ಅಂತ ಕೇಳಿತು, ಇದೆ ಅನ್ನಿಸಿತು, ಬಾಗಿಲು ಹಾಕಿತು. ಅಡುಗೆಮನೆಯಲ್ಲಿ ಪೈಪು ಹಿಡಿದು ನಿಂತಾಗ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆಯೂ ಅದೇ.

ಅತ್ತಿಗೆ ಇಂಥ ಮಾತು ಬಂದಾಗಲೆಲ್ಲ ಅಂಗುಲಿಮಾಲನ ಹೆಸರು ತೆಗೆಯುತ್ತಾರೆ. ಬುದ್ಧ ಎದುರಾದ, ಕಟುಕನ ಕೈಯ ಕತ್ತಿ ಜಾರಿತು, ಕಥೆ ಮುಗಿಯಿತು. ಶಾಲೆಯಲ್ಲಿ ನಾವೆಲ್ಲ ಅಷ್ಟೇ ಓದಿದ್ದು. ಪಾಲಿ ಗ್ರಂಥಗಳಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಭಿಕ್ಷುವಾದ ಅಂಗುಲಿಮಾಲ ಶ್ರಾವಸ್ತಿಗೆ ಭಿಕ್ಷೆಗೆ ಹೋಗುತ್ತಾನೆ. ಯಾರೋ ಎಸೆದ ಮಣ್ಣಿನ ಹೆಂಟೆ, ಯಾರೋ ಎಸೆದ ಕೋಲು, ಯಾರೋ ಎಸೆದ ಮಡಕೆಯ ಚೂರು ಅವನಿಗೆ ಬಡಿಯುತ್ತವೆ. ತಲೆ ಒಡೆದು ರಕ್ತ ಸುರಿಯುತ್ತದೆ, ಭಿಕ್ಷಾಪಾತ್ರೆ ಒಡೆಯುತ್ತದೆ, ಹೊದ್ದ ಬಟ್ಟೆ ಹರಿಯುತ್ತದೆ. ಆ ಸ್ಥಿತಿಯಲ್ಲಿ ಬಂದವನಿಗೆ ಬುದ್ಧ ಹೇಳುವುದು ಸಹಿಸಿಕೋ ಅಂತ. ನೀನೀಗ ಶುದ್ಧನಾಗಿದ್ದೀಯೆ, ಜನ ತಪ್ಪು ಮಾಡಿದರು ಅನ್ನುವುದಿಲ್ಲ. ಎಸೆದವರನ್ನು ಕರೆಸಿ ಕ್ಷಮಿಸಿ ಅಂತ ಬೋಧನೆ ಮಾಡುವುದೂ ಇಲ್ಲ. ಭಿಕ್ಷುಗಳ ನಡವಳಿಕೆಯನ್ನು ಹೇಳುವ 'ವಿನಯ'ದ ನಿಯಮಗಳಲ್ಲಿ ಇನ್ನೂ ಒಂದು ಸಂಗತಿ ಬರುತ್ತದೆ. ಅವನನ್ನು ಕಂಡರೆ ಜನ ಹೆದರಿ ಓಡುತ್ತಿದ್ದರು, ದಾರಿ ಬದಲಿಸುತ್ತಿದ್ದರು, ಬಾಗಿಲು ಮುಚ್ಚುತ್ತಿದ್ದರು. ದೂರು ಬಂತು. ಕುಖ್ಯಾತ ಕಳ್ಳರಿಗೆ ಇನ್ನು ಮುಂದೆ ಪ್ರವ್ರಜ್ಯೆ, ಅಂದರೆ ಭಿಕ್ಷುವಾಗುವ ದೀಕ್ಷೆ, ಕೊಡಬಾರದು ಅಂತ ಬುದ್ಧನೇ ನಿಯಮ ಮಾಡಿದ.

ಮೊದಲ ಸಲ ಇದನ್ನು ಓದಿದಾಗ ನನಗೆ ನೋವಾಯಿತು. ಈಗ ಅದು ಬಹಳ ದೊಡ್ಡ ವಿವೇಕವಾಗಿ ಕಾಣುತ್ತದೆ. ಅಂಗುಲಿಮಾಲ ಬದಲಾದದ್ದು ನಿಜ. ಬಾಗಿಲು ಮುಚ್ಚಿದ ಹೆಂಗಸಿನ ಭಯವೂ ನಿಜ. ಅವಳ ಮಗನೋ ಗಂಡನೋ ಆ ಕಾಡಿನಿಂದ ವಾಪಸು ಬಂದಿರಲಿಲ್ಲ. ತಪ್ಪು ಮಾಡಿದವನು ತಿದ್ದಿಕೊಂಡ ಅಂದಮಾತ್ರಕ್ಕೆ ನೊಂದವರು ಅವನನ್ನು ಕ್ಷಮಿಸುವ ಸಾಲಗಾರರಾಗುವುದಿಲ್ಲ. ಕ್ಷಮೆ ಸಿಗದಿದ್ದರೂ ಅವನು ತಿದ್ದಿಕೊಂಡೇ ಇರಬೇಕು.

ಸಿಕ್ಕರೆ ಅದು ದೊಡ್ಡ ಮಾತು. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಪುಟ್ಟ ಊರಿನಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಆಸ್ತಿಪಾಸ್ತಿ ಹಾಳುಮಾಡಿದ್ದರು. ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿಯ ಸಲಹೆಯಂತೆ ನ್ಯಾಯಾಧೀಶರು ಅವರನ್ನು ನೊಂದವರ ಬಾಗಿಲಿಗೇ ಕಳಿಸಿದರು. ಬಾಗಿಲು ತಟ್ಟಿ, ನಾನೇ ಮಾಡಿದ್ದು ಅಂತ ಹೇಳಿ, ಆದ ನಷ್ಟ ಕೇಳಿ, ತಿಂಗಳುಗಳಲ್ಲಿ ತುಂಬಿಕೊಟ್ಟರು. ಇಂದು ಎಷ್ಟೋ ದೇಶಗಳಲ್ಲಿ ನಡೆಯುವ ಸಂಧಾನದ ನ್ಯಾಯಕ್ಕೆ ಅದೇ ಮೊದಲ ಹೆಜ್ಜೆ ಅನ್ನುತ್ತಾರೆ. ನಾನೇ ಮಾಡಿದ್ದು ಎಂಬ ಎರಡು ಪದಗಳು ಎಷ್ಟು ಭಾರ ಅಂತ ನನಗೆ ಗೊತ್ತು. ಕೋರ್ಟಿನಲ್ಲಿ ಅವು ನನ್ನ ಬಾಯಿಂದ ಹೊರಡಲಿಲ್ಲ. ಅವನ ಶಿಕ್ಷೆ ಮುಗಿದಿದೆ ಅಂತ ತಿಳಿದ ಮೇಲೆ ಆ ವಕೀಲರ ವಿಳಾಸಕ್ಕೆ ಒಂದು ಪತ್ರ ಬರೆದೆ. ಎರಡನೇ ಪೆಟ್ಟು ನೆನಪಿದೆ, ಆವತ್ತೂ ನೆನಪಿತ್ತು, ಅದು ತಪ್ಪು, ಅವನಿಗೆ ತಿಳಿಸಿ ಅಂತ. ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಹೋದ ತಿಂಗಳು ಅಣ್ಣ ಫೋನು ಮಾಡಿದ್ದ. ಅವನ ಗೋಡೌನಿಗೆ ಕೆಲಸ ಕೇಳಿಕೊಂಡು ಒಬ್ಬ ಬಂದಿದ್ದನಂತೆ. ಹಳೆಯ ಕಳ್ಳತನದ ಕೇಸಿನಲ್ಲಿ ಜೈಲಿಗೆ ಹೋಗಿಬಂದದ್ದನ್ನು ತಾನಾಗಿಯೇ ಹೇಳಿದನಂತೆ.

"ಆವತ್ತು ಏನೋ ವರ್ಷದ ಲೆಕ್ಕ ಹೇಳಿದ್ದೆಯಲ್ಲ ನೀನು, ಎಷ್ಟು ಅದು?"

"ಹತ್ತಿರ ಹತ್ತಿರ ಎಂಟು ವರ್ಷ."

"ಇವನದು ಒಂಬತ್ತಾಯ್ತಂತೆ."

ನಾನು ಸುಮ್ಮನಿದ್ದೆ. ಆ ಕಡೆ ಅವನೂ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಲೋಡಿಂಗಿಗೆ ಹಾಕ್ಕೋತೀನಿ. ಬೀಗದ ಕೈ ಮಾತ್ರ ಈಗಲೇ ಕೊಡಲ್ಲಪ್ಪ."

"ಸರಿ ಅಣ್ಣ" ಅಂದೆ.